‘ಇಂಗ್’ ಎಲ್ಲಿ ಬೇಕು, ಎಲ್ಲಿ ಬೇಡ?

ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ವರ್ಗವಾಗಿ ಅಹಮದಾಬಾದಿಗೆ ಬಂದ ಕನ್ನಡಿಗರಿಗೆ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಎದುರಾಗುವ ಇಂಗ್ಲಿಷ್ ಪ್ರಶ್ನೆಗಳಲ್ಲಿ ಇದೊಂದು: ‘ವಾಟ್ ಆರ್ ಯೂ ಡೂಯಿಂಗ್?’ ಕೈಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ನಾಲ್ಕನೇ ಮಹಡಿಗೆ ಹೋಗುತ್ತಿರುವವರು ಏನೆಂದು ಉತ್ತರಿಸಬೇಕು? ಹಾಗಂತ ನಮ್ಮವರೇನೂ ತಬ್ಬಿಬ್ಬಾಗುವುದಿಲ್ಲ. ‘ಐ ಆಮ್ ವರ್ಕಿಂಗ್ ಇನ್ ಎ ಬ್ಯಾಂಕ್’ ಎನ್ನುತ್ತಾರೆ. ಕೇಳಿದವರಿಗೆ ಬೇಕಾಗಿದ್ದದ್ದೂ ಅದೇ, ನೌಕರಿಯ ವಿಚಾರ. ಅದೇ ಲಿಫ್ಟಿನಲ್ಲಿ ಲಂಡನ್ನಿನವರೊಬ್ಬರು ನಿಂತಿದ್ದರೆ ಅವರಿಗೆ ಮಾತ್ರ ಈ ಸಂಭಾಷಣೆ ವಿಚಿತ್ರವಾಗಿ ಕೇಳಿಸುತ್ತಿತ್ತು. ಅವರ ಕಿವಿಗೆ ಆ ಪ್ರಶ್ನೆಯ ಅರ್ಥ ‘ಈ ಕ್ಷಣ ಏನು ಮಾಡ್ತಿದ್ದೀರಿ’ ಎಂದು. ಉದ್ಯೋಗ ಕೇಳುವುದಾದರೆ ಅವರು ‘ವಾಟ್ ಡು ಯೂ ಡು?’ ಎನ್ನುತ್ತಿದ್ದರು.

ತಪ್ಪು ಕೇಳಿದ ಗುಜರಾತಿಯವರದ್ದೂ ಅಲ್ಲ, ಉತ್ತರಿಸಿದ ಕನ್ನಡಿಗರದ್ದೂ ಅಲ್ಲ, ಇಬ್ಬರ ಮಾತೃಭಾಷೆಯದ್ದು. ಗುಜರಾತಿಯಲ್ಲಿ ‘ಶುಂ ಕರೋ ಛೋ?’ ಎಂಬ ಒಂದೇ ಪ್ರಶ್ನೆ ಎರಡೂ ಕೆಲಸ ಮಾಡುತ್ತದೆ. ‘ಹುಂ ಖಾಉಂ ಛುಂ’ ಎಂದರೆ ‘ನಾನು ತಿನ್ನುತ್ತೇನೆ’ ಎಂದೂ ಆಯಿತು, ‘ತಿನ್ನುತ್ತಿದ್ದೇನೆ’ ಎಂದೂ ಆಯಿತು. ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ಈಗಲೇ ನಡೆಯುತ್ತಿದೆ ಎಂದು ಒತ್ತಿ ಹೇಳಬೇಕಾದಾಗ ಮಾತ್ರ ‘ಖಾಈ ರಹ್ಯೋ ಛುಂ’ ಎಂಬ ಉದ್ದದ ರೂಪ ಬರುತ್ತದೆ. ಕನ್ನಡದಲ್ಲಿ ತಿನ್ನುತ್ತೇನೆ, ತಿನ್ನುತ್ತಿದ್ದೇನೆ ಎಂಬ ಎರಡು ರೂಪಗಳು ಬೇರೆಬೇರೆಯಾಗಿಯೇ ಇವೆ. ಆದರೆ ‘ನಿಮ್ಮ ಮಗ ಏನು ಮಾಡ್ತಿದ್ದಾನೆ?’ ಎಂದು ಮದುವೆಮನೆಯಲ್ಲಿ ಯಾರಾದರೂ ಕೇಳಿದರೆ ಆ ಮಗ ಆ ಹೊತ್ತಿಗೆ ಊಟಕ್ಕೆ ಕೂತಿದ್ದಾನೋ ಫೋನಿನಲ್ಲಿದ್ದಾನೋ ಎಂಬ ಕುತೂಹಲದಿಂದ ಕೇಳಿದ್ದಲ್ಲ. ನಾವೂ ನೌಕರಿಯನ್ನು ‘ಮಾಡುತ್ತಿದ್ದಾನೆ’ಯಲ್ಲೇ ಕೇಳುವವರು.

ಶಾಲೆಯಲ್ಲಿ ಪ್ರೆಸೆಂಟ್ ಕಂಟಿನ್ಯುಯಸ್ ಟೆನ್ಸ್ ಎಂದು ಕಲಿತದ್ದನ್ನೇ ಈಗಿನ ವ್ಯಾಕರಣ ಪುಸ್ತಕಗಳು ಪ್ರೆಸೆಂಟ್ ಪ್ರೋಗ್ರೆಸಿವ್ ಎಂದೂ ಕರೆಯುತ್ತವೆ. ಹೆಸರು ಎರಡು, ಸಂಗತಿ ಒಂದು. ಅದನ್ನು ಕಟ್ಟುವುದು ಕನ್ನಡಿಗರಿಗೆ ಗುಜರಾತಿಗಳಿಗಿಂತ ಸುಲಭ. ‘ಮಾಡುತ್ತಿದ್ದೇನೆ’ಯನ್ನು ಬಿಡಿಸಿದರೆ ‘ಮಾಡುತ್ತ’ ಮತ್ತು ‘ಇದ್ದೇನೆ’ ಎಂಬ ಎರಡು ತುಂಡು ಸಿಗುತ್ತವೆ. ಮಂಗಳೂರಿನವರು ‘ಮಾಡ್ತಾ ಇದ್ದೇನೆ’ ಎಂದು ಆ ಎರಡನ್ನೂ ಬಿಡಿಸಿಯೇ ಮಾತಾಡುತ್ತಾರೆ. ಧಾರವಾಡದವರ ‘ಮಾಡ್ಲಿಕ್ಕತ್ತೇನಿ’ಯೂ ಹೀಗೆ ಎರಡು ಕ್ರಿಯಾಪದ ಸೇರಿಯೇ ಆದದ್ದು. ಇಂಗ್ಲಿಷಿನದ್ದೂ ಎರಡೇ ತುಂಡು: ‘ಡೂಯಿಂಗ್’ ಎಂದರೆ ಮಾಡುತ್ತ, ‘ಆಮ್’ ಎಂದರೆ ಇದ್ದೇನೆ. ಕನ್ನಡದಲ್ಲಿ ಹಿಂದೆ ಇರುವುದು ಅಲ್ಲಿ ಮುಂದೆ ಬರುತ್ತದೆ, ಅಷ್ಟೆ. ‘ಐ ಆಮ್ ಡೂಯಿಂಗ್.’

ಇದ್ದೇನೆ, ಇದ್ದಾನೆ, ಇದ್ದಾಳೆ, ಇದೆ, ಇದ್ದೇವೆ, ಇದ್ದೀರಿ, ಇದ್ದಾರೆ, ಇವೆ ಎಂದು ಕನ್ನಡ ಉದ್ದಕ್ಕೆ ಪಟ್ಟಿ ಮಾಡುವಲ್ಲಿ ಇಂಗ್ಲಿಷ್ ಮೂರೇ ಮಾತಿನಲ್ಲಿ ಮುಗಿಸುತ್ತದೆ. ‘ಐ’ ಜೊತೆಗೆ ‘ಆಮ್’. ಹಿ, ಶಿ, ಇಟ್ ಮತ್ತು ಯಾವುದೇ ಒಬ್ಬರ ಅಥವಾ ಒಂದರ ಹೆಸರಿಗೆ ‘ಈಸ್’. ವಿ, ಯೂ, ದೇ ಮತ್ತು ಬಹುವಚನಕ್ಕೆಲ್ಲ ‘ಆರ್’. ಒಂದು ಎಚ್ಚರ: ಕನ್ನಡದ ಗೌರವದ ಬಹುವಚನ ಇಲ್ಲಿ ನಡೆಯುವುದಿಲ್ಲ. ‘ಸಾಹೇಬರು ಬರುತ್ತಿದ್ದಾರೆ’ ಎಂಬುದನ್ನು ಯೋಚಿಸುತ್ತ ‘ಸರ್ ಆರ್ ಕಮಿಂಗ್’ ಎಂದುಬಿಟ್ಟರೆ ಸಾಹೇಬರು ಇಬ್ಬರಾಗುತ್ತಾರೆ. ಎಷ್ಟೇ ದೊಡ್ಡವರಾದರೂ ‘ಸರ್ ಈಸ್ ಕಮಿಂಗ್.’

ಮಾತಿನಲ್ಲಿ ‘ಐಮ್’, ‘ಹೀಸ್’, ‘ದೇರ್’ ಎಂದು ಮೊಟಕಾಗುವುದರಿಂದ ಕಿವಿಗೆ ಆ ತುಂಡು ಸರಿಯಾಗಿ ಬೀಳುವುದಿಲ್ಲ. ಕೇಳಿಯೇ ಇಂಗ್ಲಿಷ್ ಕಲಿತವರು ‘ಐ ಗೋಯಿಂಗ್’, ‘ಹಿ ಕಮಿಂಗ್’ ಎನ್ನುವುದಕ್ಕೆ ಇದೊಂದು ಕಾರಣ. ‘ಇಂಗ್’ ಹಚ್ಚಿದ ಮಾತ್ರಕ್ಕೆ ಕಾಲ ಸೂಚಿತವಾಗುವುದಿಲ್ಲ. ‘ಆಮ್, ಈಸ್, ಆರ್’ ಇಲ್ಲದ ‘ಗೋಯಿಂಗ್’ ಬರೀ ‘ಹೋಗುತ್ತ’, ಇಲ್ಲವೇ ‘ಹೋಗುವುದು’.

ಬರೀ ‘ಇಂಗ್’ ಕೆಲಸದ ಹೆಸರಾಗುವುದಕ್ಕೆ ಅಹಮದಾಬಾದಿನಲ್ಲಿ ಹಳೆಯ ಸಾಕ್ಷಿಯಿದೆ. ರಣಛೋಡಲಾಲ್ ಛೋಟಾಲಾಲ್ ಕಟ್ಟಿದ ನಗರದ ಮೊದಲ ಬಟ್ಟೆ ಗಿರಣಿ 1861ರಲ್ಲಿ ಶುರುವಾಯಿತು. ಅದರ ಹೆಸರು ಅಹಮದಾಬಾದ್ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ. ನೂಲುವುದು ಮತ್ತು ನೇಯುವುದು, ಎರಡೂ ಹೆಸರುಗಳೇ. ಆದರೆ ಕಾಗುಣಿತ ಕಲಿಯುವವರಿಗೆ ಆ ಒಂದು ಬೋರ್ಡಿನಲ್ಲಿ ಎರಡು ನಿಯಮ ಸಿಕ್ಕಿಬಿಡುತ್ತವೆ. ಸ್ಪಿನ್ ಎಂಬುದರ ಕೊನೆಯಲ್ಲಿ ಒಂದೇ ಸ್ವರ, ಅದರ ಹಿಂದೆ ಒಂದೇ ವ್ಯಂಜನ. ಹಾಗಿದ್ದಾಗ ಕೊನೆಯ ‘ಎನ್’ ಎರಡಾಗುತ್ತದೆ. ವೀವ್ ಎಂಬುದರ ಕೊನೆಯಲ್ಲಿ ಉಚ್ಚಾರವಿಲ್ಲದ ‘ಇ’ ಇದೆ. ಅದು ಬಿದ್ದುಹೋಗಿ ‘ಇಂಗ್’ ಸೇರುತ್ತದೆ.

ಉಳಿದ ನಿಯಮಗಳಿಗೆ ಸೂರತ್‌ಗೆ ಹೋಗಬೇಕು. ಸೀರೆ, ಡ್ರೆಸ್ ಮೆಟೀರಿಯಲ್ ದೇಶಕ್ಕೆಲ್ಲ ಸರಬರಾಜು ಮಾಡುವ ಆ ಊರಿನ ಕೆಲಸಗಳನ್ನೇ ಸಾಲಾಗಿ ಬರೆದುಕೊಂಡರೆ ಕಾಗುಣಿತದ ಪಾಠ ಬಹುಪಾಲು ಮುಗಿಯುತ್ತದೆ. ನಿಟ್ ಮತ್ತು ಕಟ್, ಸ್ಪಿನ್‌ನ ಜಾತಿಯವು. ‘ಟಿ’ ಎರಡಾಗುತ್ತದೆ. ಬಟ್ಟೆಯಲ್ಲೂ ವಜ್ರದಲ್ಲೂ ಅದೇ ‘ಕಟಿಂಗ್’. ಪ್ರಿಂಟ್ ಎಂಬುದರ ಕೊನೆಗೆ ‘ಎನ್’, ‘ಟಿ’ ಎಂಬ ಎರಡು ವ್ಯಂಜನ ಆಗಲೇ ಇರುವುದರಿಂದ ಏನನ್ನೂ ಇಮ್ಮಡಿಸಬೇಕಿಲ್ಲ. ಪ್ಯಾಕ್, ಫೋಲ್ಡ್, ಪಾಲಿಷ್ ಕೂಡ ಹಾಗೆಯೇ, ನೇರವಾಗಿ ‘ಇಂಗ್’ ಹಚ್ಚಿದರೆ ಸಾಕು. ಹೊಲಿಯುವ ‘ಸೋ’ದಲ್ಲಿ ಕೊನೆಗೆ ‘ಡಬ್ಲ್ಯೂ’, ‘ಫಿಕ್ಸ್’ನಲ್ಲಿ ‘ಎಕ್ಸ್’, ‘ಡ್ರೈ’ಯಲ್ಲಿ ‘ವೈ’. ಈ ಮೂರು ಅಕ್ಷರಗಳು ಎಂದೂ ಎರಡಾಗುವುದಿಲ್ಲ.

ಇನ್ನು ಡೈಯಿಂಗ್. ಪಾಂಡೇಸರಾ, ಸಚಿನ್ ಕೈಗಾರಿಕಾ ಪ್ರದೇಶಗಳ ಗೇಟುಗಳ ಮೇಲೆ ‘ಡೈಯಿಂಗ್ ಅಂಡ್ ಪ್ರಿಂಟಿಂಗ್ ಮಿಲ್ಸ್’ ಎಂಬ ಬೋರ್ಡುಗಳಿಗೆ ಬರವಿಲ್ಲ. ಬಣ್ಣ ಹಾಕುವ ‘ಡೈ’ಗೆ ಡಿ, ವೈ, ಇ. ನಿಯಮದ ಪ್ರಕಾರ ‘ಇ’ ಬೀಳಬೇಕಿತ್ತು. ಬಿದ್ದರೆ ಅನರ್ಥ. ಸಾಯುವ ‘ಡೈ’ಗೆ ಡಿ, ಐ, ಇ. ಅಲ್ಲಿ ಕೊನೆಯ ‘ಐ, ಇ’ ಜೋಡಿ ಹೋಗಿ ‘ವೈ’ ಬರುವುದರಿಂದ ಅದು ‘ಡಿ, ವೈ’ ಆಗಿ ‘ಇಂಗ್’ ಸೇರಿಸಿಕೊಳ್ಳುತ್ತದೆ. ಎರಡೂ ಒಂದೇ ಆಗದಿರಲೆಂದು ಬಣ್ಣದ ಡೈ ತನ್ನ ‘ಇ’ಯನ್ನು ಉಳಿಸಿಕೊಂಡಿದೆ. ಆ ಒಂದಕ್ಷರ ಬಿಟ್ಟು ಕೊಟೇಶನ್ ಬರೆದರೆ ‘ನಾವು ನಿಮ್ಮ ಬಟ್ಟೆಗೆ ಬಣ್ಣ ಹಾಕುತ್ತಿದ್ದೇವೆ’ ಎನ್ನುವ ಬದಲು ‘ನಾವು ಸಾಯುತ್ತಿದ್ದೇವೆ’ ಎಂಬ ಧ್ವನಿ ಬರುತ್ತದೆ. ಗಿರಣಿ ಮಾಲೀಕರಿಗೆ ಕೆಲವೊಮ್ಮೆ ಅದೂ ನಿಜವೆನಿಸಬಹುದು, ಆದರೆ ಗಿರಾಕಿಗೆ ಬರೆಯುವ ಮಾತಲ್ಲ. ಅಹಮದಾಬಾದಿನ ಢಾಲಗರವಾಡದ ಅಂಗಡಿಗಳಲ್ಲಿ ಸಿಗುವ ಬಾಂಧಣಿ ಸೀರೆಯನ್ನು ನೆನೆದರೆ ಎರಡೂ ನೆನಪಿರುತ್ತವೆ. ಬಟ್ಟೆಗೆ ಗಂಟು ಕಟ್ಟುವ ‘ಟೈ’ ತನ್ನ ‘ಐ, ಇ’ಯನ್ನು ‘ವೈ’ಗೆ ಬಿಟ್ಟುಕೊಡುತ್ತದೆ, ಬಣ್ಣದಲ್ಲಿ ಅದ್ದುವ ‘ಡೈ’ ಏನನ್ನೂ ಬಿಟ್ಟುಕೊಡುವುದಿಲ್ಲ.

ಎರಡು ಉಚ್ಚಾರಾಂಶದ ಪದಗಳಲ್ಲಿ ಒತ್ತು ಎಲ್ಲಿ ಬೀಳುತ್ತದೆಂದು ನೋಡಬೇಕು. ‘ಬಿಗಿನ್’ನಲ್ಲಿ ಒತ್ತು ಕೊನೆಗೆ, ಹಾಗಾಗಿ ‘ಎನ್’ ಎರಡು. ‘ಓಪನ್’, ‘ವಿಸಿಟ್’ಗಳಲ್ಲಿ ಒತ್ತು ಮೊದಲಿಗೆ, ಹಾಗಾಗಿ ಒಂದೇ. ‘ಟ್ರಾವೆಲ್’ಗೆ ಬ್ರಿಟಿಷರು ಎರಡು ‘ಎಲ್’ ಹಾಕುತ್ತಾರೆ, ಅಮೆರಿಕನ್ನರು ಒಂದೇ. ಭಾರತದಲ್ಲಿ ಎರಡು ಹಾಕುವುದೇ ರೂಢಿ.

‘ಇಲ್ಲ’ ಎನ್ನುವುದು ಕಷ್ಟವಲ್ಲ. ಆಮ್, ಈಸ್, ಆರ್ ಆದ ಮೇಲೆ ‘ನಾಟ್’ ಸೇರಿಸಿದರಾಯಿತು. ಪ್ರಶ್ನೆಯಲ್ಲೇ ಎಡವುವುದು. ಕನ್ನಡದಲ್ಲಿ ‘ಬರುತ್ತಿದ್ದೀರಿ’ಗೆ ಒಂದು ‘ಆ’ ಹಚ್ಚಿದರೆ ‘ಬರುತ್ತಿದ್ದೀರಾ?’ ಆಯಿತು, ಪದಗಳು ಕದಲುವುದಿಲ್ಲ. ಗುಜರಾತಿಯಲ್ಲಿಯೂ ಪದಗಳ ಸಾಲು ಹಾಗೇ ಇರುತ್ತದೆ, ದನಿ ಏರುತ್ತದೆ, ಇಲ್ಲವೇ ಮುಂದೆ ಒಂದು ‘ಶುಂ’ ಬರುತ್ತದೆ. ಹೀಗಾಗಿ ಇಬ್ಬರೂ ‘ವೈ ಯೂ ಆರ್ ಸ್ಟ್ಯಾಂಡಿಂಗ್?’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ‘ಆರ್’ ಎದ್ದುಬಂದು ‘ಯೂ’ ಮುಂದೆ ಕೂರಬೇಕು: ‘ವೈ ಆರ್ ಯೂ ಸ್ಟ್ಯಾಂಡಿಂಗ್?’ ಅದೇ ರೀತಿ ನಮ್ಮ ‘ಅಲ್ವಾ?’, ಗುಜರಾತಿಗಳ ‘ಖರುಂ ನೇ?’ ಎರಡೂ ಸೇರಿ ‘ಯೂ ಆರ್ ಕಮಿಂಗ್, ನೋ?’ ಆಗುತ್ತವೆ. ಪರೀಕ್ಷೆಯಲ್ಲಿ ಅದು ‘ಆರಂಟ್ ಯೂ?’ ಆಗಿರಬೇಕು. ‘ಐ ಆಮ್’ಗೆ ಮಾತ್ರ ‘ಆರಂಟ್ ಐ?’ ಏಕೆ ಎಂದು ಕೇಳಿದರೆ ಇಂಗ್ಲಿಷಿನವರ ಬಳಿಯೂ ರೂಢಿ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದು ಕಷ್ಟ.

ಈ ರೂಪವನ್ನು ಎಲ್ಲೆಲ್ಲಿ ಬಳಸಬೇಕು? ಈ ಕ್ಷಣ ನಡೆಯುತ್ತಿರುವುದಕ್ಕೆ ಎಂಬುದು ಎಲ್ಲರಿಗೂ ಗೊತ್ತು. ಜನವರಿ 14ರ ಉತ್ತರಾಯಣದ ದಿನ ಅಹಮದಾಬಾದಿನ ಹಳೆಯ ಕೇರಿಗಳಾದ ಪೋಳ್‌ಗಳ ಮಾಳಿಗೆ ಹತ್ತಿ ಊರಿಗೆ ಫೋನು ಮಾಡಿದವರು ‘ಎವ್ರಿಬಡಿ ಈಸ್ ಫ್ಲೈಯಿಂಗ್ ಕೈಟ್ಸ್’ ಎಂದರೆ ಸರಿಯಾದ ಮಾತು. ಆದರೆ ಈ ಕ್ಷಣವೇ ಆಗಬೇಕೆಂದೇನೂ ಇಲ್ಲ, ಈ ದಿನಗಳಲ್ಲಿ ನಡೆಯುತ್ತಿದ್ದರೂ ಸಾಕು. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ ಅಡಿಗಲ್ಲು ಬಿದ್ದದ್ದು 2017ರ ಸೆಪ್ಟೆಂಬರ್ 14ರಂದು. 508 ಕಿ.ಮೀ. ಉದ್ದದ ಆ ಮಾರ್ಗದಲ್ಲಿ ಸೂರತ್, ವಡೋದರಾ, ಅಹಮದಾಬಾದ್ ಮೂರೂ ನಿಲ್ದಾಣಗಳಿವೆ. ರಾತ್ರಿ ಎರಡು ಗಂಟೆಗೆ, ಒಬ್ಬ ಕೆಲಸಗಾರನೂ ಕಂಬದ ಬಳಿ ಇಲ್ಲದಿರುವಾಗಲೂ, ‘ದೇ ಆರ್ ಬಿಲ್ಡಿಂಗ್ ಎ ಬುಲೆಟ್ ಟ್ರೇನ್ ಲೈನ್’ ಎನ್ನಬಹುದು.

ಮೂರನೆಯದು ನಿಶ್ಚಯವಾದ ಮುಂದಿನ ಕಾರ್ಯಕ್ರಮ. ‘ನಾಳೆ ಸೂರತ್‌ಗೆ ಹೋಗ್ತಾ ಇದ್ದೀನಿ’ ಎಂದು ಕನ್ನಡದಲ್ಲಿ ಹೇಳಿದ ಹಾಗೆಯೇ ‘ಐ ಆಮ್ ಗೋಯಿಂಗ್ ಟು ಸೂರತ್ ಟುಮಾರೋ’. ಟಿಕೆಟ್ ಆಗಿದೆ, ಅತ್ತ ಹೇಳಿಯೂ ಆಗಿದೆ ಎಂಬ ಅರ್ಥ. ಆದರೆ ರೈಲು ತನ್ನ ವೇಳಾಪಟ್ಟಿಯಂತೆ ಹೊರಡುವುದನ್ನು ‘ದಿ ಟ್ರೇನ್ ಲೀವ್ಸ್ ಅಟ್ ಸಿಕ್ಸ್’ ಎನ್ನುತ್ತಾರೆ. ಮಳೆ ಯಾರ ಜೊತೆಗೂ ಮಾತಾಡಿ ದಿನ ಗೊತ್ತು ಮಾಡಿಕೊಳ್ಳುವುದಿಲ್ಲವಾದ್ದರಿಂದ ‘ಇಟ್ ಈಸ್ ರೇನಿಂಗ್ ಟುಮಾರೋ’ ಎನ್ನುವಂತಿಲ್ಲ.

ಎಲ್ಲಿ ಬಳಸಬಾರದು ಎಂಬುದೇ ಭಾರತೀಯರ ನಿಜವಾದ ತೊಡಕು. ಮುಂಬೈಯ ಇಂಗ್ಲಿಷ್ ಕವಿ ನಿಸ್ಸಿಮ್ ಎಜೆಕೀಲ್ ಇದನ್ನೇ ಹಿಡಿದು ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ.ಎಸ್.’ ಎಂಬ ಕವಿತೆ ಬರೆದರು. 1976ರ ‘ಹಿಮ್ಸ್ ಇನ್ ಡಾರ್ಕ್‌ನೆಸ್’ ಸಂಕಲನದಲ್ಲಿ ಅದಿದೆ. ವಿದೇಶಕ್ಕೆ ಹೊರಟ ಸಹೋದ್ಯೋಗಿಗೆ ಬೀಳ್ಕೊಡುಗೆಯ ಭಾಷಣ ಅದು, ಸಾಲುಸಾಲಿಗೂ ‘ಇಂಗ್’. ಭಾಷಣಕಾರ ನಡುವೆ ಸೂರತ್‌ನಲ್ಲಿ ಉಳಿದುಕೊಂಡದ್ದನ್ನೂ ನೆನೆಯುತ್ತಾನೆ. ಅದು ಗೇಲಿಯೋ ಅಕ್ಕರೆಯೋ ಎಂದು ವಿಮರ್ಶಕರು ಇಂದಿಗೂ ವಾದಿಸುತ್ತಾರೆ. ಭಾಷಾವಿಜ್ಞಾನಿಗಳು ಮಾತ್ರ ಇದನ್ನು ಭಾರತೀಯ ಇಂಗ್ಲಿಷಿನ ಒಂದು ಲಕ್ಷಣ ಎಂದು ಗುರುತಿಸಿ ಸುಮ್ಮನಾಗಿದ್ದಾರೆ. ಅದಕ್ಕಾಗಿ ನಾಚಿಕೆ ಪಡಬೇಕಾಗಿಲ್ಲ, ಹಾಗೆಂದು ಅಂಕ ಉಳಿಯುವುದೂ ಇಲ್ಲ.

ನಿಯಮ ಹೀಗಿದೆ: ಕೆಲಸವಾದರೆ ‘ಇಂಗ್’, ಸ್ಥಿತಿಯಾದರೆ ಬೇಡ. ತಿನ್ನುವುದು, ಓಡುವುದು, ಬರೆಯುವುದು ಕೆಲಸ. ಗೊತ್ತಿರುವುದು, ಇಷ್ಟವಾಗುವುದು, ಬೇಕಾಗುವುದು, ನಂಬುವುದು, ಒಡೆತನದಲ್ಲಿರುವುದು ಸ್ಥಿತಿ. ಕನ್ನಡದ ಕಿವಿ ಇಲ್ಲಿ ನೆರವಿಗೆ ಬರುತ್ತದೆ. ‘ನನಗೆ ಗೊತ್ತು’, ‘ನನಗೆ ಬೇಕು’, ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎನ್ನುವ ಕಡೆ ಕನ್ನಡದಲ್ಲೂ ‘ಉತ್ತ’ ಇಲ್ಲ. ‘ನನಗೆ’ ಎಂದು ಶುರುವಾಗುವ ಇಂಥ ವಾಕ್ಯಗಳಿಗೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಇಂಗ್’ ಬೇಡ: ‘ಐ ನೋ’, ‘ಐ ವಾಂಟ್’, ‘ಐ ಹ್ಯಾವ್ ಟು ಚಿಲ್ಡ್ರನ್’. ಹಾಗಾದರೆ ‘ಐ ಆಮ್ ನೋಯಿಂಗ್’, ‘ಐ ಆಮ್ ಹ್ಯಾವಿಂಗ್ ಟು ಚಿಲ್ಡ್ರನ್’ ಎಲ್ಲಿಂದ ಬಂದವು? ಒಮ್ಮೆ ಕಲಿತ ‘ಇಂಗ್’ ಕೊಡುವ ಶಿಷ್ಟತೆಯ ಭ್ರಮೆಯಿಂದ. ಉದ್ದವಾದಷ್ಟೂ ಇಂಗ್ಲಿಷ್ ಘನವಾಗಿ ಕೇಳಿಸುತ್ತದೆಂಬ ನಂಬಿಕೆ ನಮ್ಮ ಕಚೇರಿಗಳಲ್ಲಿ ಗಟ್ಟಿಯಾಗಿದೆ.

ಮೆಕ್‌ಡೊನಾಲ್ಡ್ಸ್ ಕಂಪನಿ 2003ರಿಂದ ‘ಐಮ್ ಲವಿನ್ ಇಟ್’ ಎಂದು ಬೋರ್ಡು ಹಾಕಿಕೊಂಡಿದೆಯಲ್ಲ ಎಂದು ಮಕ್ಕಳು ಕೇಳುತ್ತಾರೆ. ನಿಯಮ ಮುರಿದದ್ದೇ ಆ ಜಾಹೀರಾತಿನ ಆಕರ್ಷಣೆ. ‘ತಿನ್ನುತ್ತಿರುವ ಈ ಹೊತ್ತಿನಲ್ಲಿ ಖುಷಿಪಡುತ್ತಿದ್ದೇನೆ’ ಎಂಬ ಭಾವವನ್ನು ಅವರು ಬೇಕೆಂದೇ ತಂದಿದ್ದಾರೆ. ಅರ್ಜಿಯಲ್ಲಿ ಅದನ್ನು ಅನುಸರಿಸಬೇಕಾಗಿಲ್ಲ.

ಎರಡು ಮುಖದ ಕ್ರಿಯಾಪದಗಳೂ ಇವೆ. ‘ಹ್ಯಾವ್’ ಎಂದರೆ ಒಡೆತನವಾದಾಗ ‘ಇಂಗ್’ ಇಲ್ಲ, ತಿನ್ನುವುದು ಕುಡಿಯುವುದಾದಾಗ ಉಂಟು. ‘ವಿ ಆರ್ ಹ್ಯಾವಿಂಗ್ ಟೀ’ ಸರಿ, ‘ವಿ ಆರ್ ಹ್ಯಾವಿಂಗ್ ಟು ಕಾರ್ಸ್’ ತಪ್ಪು. ‘ಥಿಂಕ್’ ಅಭಿಪ್ರಾಯವಾದಾಗ ‘ಐ ಥಿಂಕ್ ಸೂರತ್ ಈಸ್ ಕ್ಲೀನ್’. ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿರುವಾಗ ‘ಐ ಆಮ್ ಥಿಂಕಿಂಗ್ ಆಫ್ ಮೂವಿಂಗ್ ಟು ಸೂರತ್’.

ಗುಜರಾತಿಯಲ್ಲಿ ‘ಇದೆ’ ಎಂಬರ್ಥದ ‘ಛೇ’ ಕೇಳಿಸಿದಲ್ಲೆಲ್ಲ ‘ಈಸ್’ ಹಾಕುವ ಅಭ್ಯಾಸವೂ ಕೈಕೊಡುತ್ತದೆ. ಗಾಳಿಪಟ ಕತ್ತರಿಸಿದಾಗ ಮಾಳಿಗೆಯಿಂದ ಮಾಳಿಗೆಗೆ ಹಬ್ಬುವ ‘ಕಾಯ್ ಪೋ ಛೇ’ ಕೂಗಿನಲ್ಲೂ ‘ಛೇ’ ಇದೆ, ಆದರೆ ಅದು ಕತ್ತರಿಸಿಯಾಯಿತು ಎಂಬ ಅರ್ಥದ್ದು. ಇಂಗ್ಲಿಷಿನಲ್ಲಿ ಅದಕ್ಕೆ ‘ಹ್ಯಾವ್ ಕಟ್’. ಪದಕ್ಕೆ ಪದ ಇಡುವ ಈ ಅಭ್ಯಾಸ ಇನ್ನೊಂದು ಕಡೆಯೂ ಎಡವಿಸುತ್ತದೆ: ಬೀಳ್ಕೊಳ್ಳುವಾಗ ಗುಜರಾತಿಗಳು ‘ಆವಜೋ’ ಎನ್ನುತ್ತಾರೆ, ನಾವು ‘ಬರ್ತೀನಿ’ ಎನ್ನುತ್ತೇವೆ. ಹೊರಡುವಾಗ ಅದನ್ನು ‘ಐ ಆಮ್ ಕಮಿಂಗ್’ ಎಂದರೆ ವಿದೇಶದ ಗಿರಾಕಿ ಬಾಗಿಲಲ್ಲೇ ಕಾಯುತ್ತಾನೆ. ‘ಐ ಆಮ್ ಲೀವಿಂಗ್’ ಎನ್ನಬೇಕು. ನಮಗೆ ಅಪಶಕುನವೆನಿಸಿದರೂ ಅವರಿಗೆ ಹಾಗೇನೂ ಅನಿಸುವುದಿಲ್ಲ.

ಇನ್ನೊಂದು ತಪ್ಪು ಬಯೋಡೇಟಾಗಳಲ್ಲಿ ಢಾಳಾಗಿ ಕಾಣುತ್ತದೆ: ‘ಐ ಆಮ್ ವರ್ಕಿಂಗ್ ಇನ್ ವಡೋದರಾ ಸಿನ್ಸ್ 2015’. ಕನ್ನಡದ ‘2015ರಿಂದ ಕೆಲಸ ಮಾಡುತ್ತಿದ್ದೇನೆ’ಯ ಪಡಿಯಚ್ಚು. ಆರಂಭದ ವರ್ಷವನ್ನು ಹೇಳಿದ ಕೂಡಲೇ ಇಂಗ್ಲಿಷ್ ಬೇರೆ ಕಾಲಕ್ಕೆ ಜಿಗಿಯುತ್ತದೆ: ‘ಐ ಹ್ಯಾವ್ ಬೀನ್ ವರ್ಕಿಂಗ್’. ಇನ್ನೂ ನಡೆಯುತ್ತಿರುವ ಕೆಲಸಕ್ಕೆ ‘ಸಿನ್ಸ್’ ಅಥವಾ ‘ಫಾರ್ ಟೆನ್ ಇಯರ್ಸ್’ ಸೇರಿದರೆ ‘ಹ್ಯಾವ್ ಬೀನ್’ ಬೇಕು. ಕಚೇರಿಯ ಪತ್ರಗಳಲ್ಲಿ ಮಾಡುವವರು ಮುಖ್ಯವಲ್ಲದಾಗ ‘ಬೀಯಿಂಗ್’ ಬೇಕಾಗುತ್ತದೆ: ‘ಯುವರ್ ಅಪ್ಲಿಕೇಶನ್ ಈಸ್ ಬೀಯಿಂಗ್ ಪ್ರೊಸೆಸ್ಡ್’, ‘ದಿ ಕ್ಲಾತ್ ಈಸ್ ಬೀಯಿಂಗ್ ಡೈಡ್’.

ಗುಜರಾತಿಗೂ ಇಂಗ್ಲಿಷಿಗೂ ನಂಟು ಸರಳವಾಗಿರಲಿಲ್ಲ. ಗುಜರಾತ್ ವಿಶ್ವವಿದ್ಯಾಲಯ ಬೋಧನೆಗೆ ಗುಜರಾತಿ ಅಥವಾ ಹಿಂದಿ ಮಾತ್ರ ಎಂದಾಗ ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನ ವಿದ್ಯಾರ್ಥಿಯೊಬ್ಬನ ತಂದೆ ಕೃಷ್ಣ ರಂಗನಾಥ ಮುಧೋಳಕರ್ ಕೋರ್ಟಿಗೆ ಹೋದರು. ಹಾಗೆ ಹೇರುವ ಅಧಿಕಾರ ವಿಶ್ವವಿದ್ಯಾಲಯಕ್ಕಿಲ್ಲ ಎಂದು 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2007ರಲ್ಲಿ ರಾಜ್ಯ ಸರ್ಕಾರವೇ ‘ಸ್ಕೋಪ್’ ಎಂಬ ಯೋಜನೆ ತಂದು ಕೇಂಬ್ರಿಜ್ ಮಟ್ಟದ ಇಂಗ್ಲಿಷ್ ತರಬೇತಿ, ಪರೀಕ್ಷೆಗಳನ್ನು ಶುರು ಮಾಡಿತು. ಕನ್ನಡದ ಕವಿ ವಿ.ಕೃ. ಗೋಕಾಕರೂ ಇಲ್ಲಿಗೆ ಹೊರಗಿನವರಲ್ಲ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರು 1940ರ ದಶಕದ ಕೊನೆಯ ವರ್ಷಗಳಲ್ಲಿ ಉತ್ತರ ಗುಜರಾತಿನ ವಿಸನಗರದಲ್ಲಿ ಕಾಲೇಜಿನ ಪ್ರಾಂಶುಪಾಲರಾಗಿದ್ದರು, ಆಮೇಲೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು.

ಇವತ್ತು ವಡೋದರಾದ ಬೀದಿಗಳಲ್ಲಿ ಐಇಎಲ್‌ಟಿಎಸ್ ಕೋಚಿಂಗ್ ಬೋರ್ಡುಗಳನ್ನು ಹುಡುಕಬೇಕಾಗಿಲ್ಲ. ಆ ಪರೀಕ್ಷೆಯ ಮಾತಿನ ಭಾಗ 11ರಿಂದ 14 ನಿಮಿಷದ್ದು. ಅಂಕ ಕೊಡುವ ನಾಲ್ಕು ಮಾನದಂಡಗಳಲ್ಲಿ ವ್ಯಾಕರಣ ಒಂದು, ಅಂದರೆ ಕಾಲು ಭಾಗ. ಅಭ್ಯಾಸಕ್ಕೆ ದುಡ್ಡು ಬೇಕಿಲ್ಲ. ಅಹಮದಾಬಾದಿನಲ್ಲಿದ್ದರೆ ರಾತ್ರಿ ಮಾಣೆಕ್ ಚೌಕಕ್ಕೆ ಹೋಗಿ ನಿಲ್ಲಬಹುದು. ಬೆಳಿಗ್ಗೆ ತರಕಾರಿ, ಮಧ್ಯಾಹ್ನ ಚಿನ್ನಬೆಳ್ಳಿ, ರಾತ್ರಿ ತಿಂಡಿ ಎಂದು ದಿನಕ್ಕೆ ಮೂರು ವೇಷ ಹಾಕುವ ಜಾಗ ಅದು. ದಿನಾ ನಡೆಯುವುದನ್ನು ‘ಇಂಗ್’ ಇಲ್ಲದೆ ಹೇಳಬೇಕು: ‘ದೇ ಸೆಲ್ ಗೋಲ್ಡ್ ಇನ್ ದಿ ಆಫ್ಟರ್‌ನೂನ್.’ ಕಣ್ಣೆದುರು ಕಾಣುವುದನ್ನು ‘ಇಂಗ್’ ಹಚ್ಚಿ ಹೇಳಬೇಕು: ‘ಎ ಮ್ಯಾನ್ ಈಸ್ ಗ್ರೇಟಿಂಗ್ ಚೀಸ್’, ‘ಟು ಗರ್ಲ್ಸ್ ಆರ್ ಈಟಿಂಗ್ ಕುಲ್ಫಿ’. ಹೀಗೆ ಜೋಡಿಯಾಗಿ ಹೇಳುತ್ತ ಹೋದರೆ ಎರಡು ಕಾಲಗಳ ಗಡಿ ನಾಲಿಗೆಗೆ ತಾನಾಗಿ ತಿಳಿಯುತ್ತದೆ. ಊರು ಬೇರೆಯಾದರೆ ಯಾವ ಸಂತೆಯಾದರೂ ನಡೆದೀತು.

ಅವಸರದಲ್ಲಿ ಸಂದರ್ಶನಕ್ಕೆ ಹೊರಟವರು ಇಷ್ಟೆಲ್ಲ ನೆನಪಿಟ್ಟುಕೊಳ್ಳಲಾರರು. ಅವರು ಎರಡೇ ವಾಕ್ಯ ಗಟ್ಟಿ ಮಾಡಿಕೊಳ್ಳಲಿ: ಮನೆಮಂದಿಯ ಬಗ್ಗೆ ಕೇಳಿದರೆ ‘ಐ ಹ್ಯಾವ್’, ನೌಕರಿಯ ವರ್ಷ ಕೇಳಿದರೆ ‘ಐ ಹ್ಯಾವ್ ಬೀನ್ ವರ್ಕಿಂಗ್’. ಸಂದರ್ಶಕರು ಈ ಎರಡನ್ನೂ ಕೇಳದೆ ಬಿಡುವುದು ಅಪರೂಪ.